ಪೂರ್ತಿ ತೆಗೆಯಲಾಗದ ಮೆದುಳಿನ ಗಡ್ಡೆಗೆ ಆಪರೇಷನ್ ಏಕೆ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಪಾವಗಡದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಶುಗರ್ ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಒಂದು ತಿಂಗಳಿಂದ ಸಾಮಾನಿನ ಹೆಸರು ಬಾಯಿಗೆ ಬರದೆ ತಡಕಾಡುತ್ತಿದ್ದರು. ಗಿರಾಕಿ ಬೋಲ್ಟು ಕೇಳಿದರೆ ಸರಿಯಾದ ಡಬ್ಬವನ್ನೇ ತೆಗೆಯುತ್ತಿದ್ದರು, ಬಿಲ್ ಬರೆಯುವಾಗ ಮಾತ್ರ ‘ಅದೇ, ಅದು’ ಎನ್ನುತ್ತಿದ್ದರು. ವಯಸ್ಸಾಯಿತೆಂದು ಸುಮ್ಮನಾದೆವು. ಕಳೆದ ವಾರ ಅಂಗಡಿಯಲ್ಲೇ ಫಿಟ್ಸ್ ಬಂತು. ತುಮಕೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಎಡಗಡೆ ಟೆಂಪೊರಲ್ ಭಾಗದಲ್ಲಿ 4 ಸೆಂ.ಮೀ. ಗಡ್ಡೆ ಇದೆ, ಹೈ ಗ್ರೇಡ್ ಗ್ಲಯೋಮಾ (ಮೆದುಳಿನ ಆಸರೆ ಕೋಶಗಳಿಂದ ಹುಟ್ಟುವ ಉಗ್ರ ಗಡ್ಡೆ) ಇರಬಹುದು ಎಂದು ಬರೆದಿದ್ದಾರೆ. ಬೆಂಗಳೂರಿನ ಒಬ್ಬ ಸರ್ಜನ್ ಎಚ್ಚರ ಇರುವಾಗಲೇ ಆಪರೇಷನ್ ಮಾಡಿ ಆದಷ್ಟೂ ತೆಗೆಯೋಣ ಎಂದರು. ಇನ್ನೊಬ್ಬರು ಮಾತಿನ ಜಾಗ, ಬಯಾಪ್ಸಿ (ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದು) ಸಾಕು ಎಂದರು. ಚಾಕು ತಾಗಿದರೆ ತಲೆಯೆಲ್ಲ ಹರಡುತ್ತದೆ ಎಂದು ಚಿಕ್ಕಪ್ಪ ಹಟ ಹಿಡಿದಿದ್ದಾರೆ. ಗಾಮಾ ನೈಫ್ (ತಲೆ ತೆರೆಯದೆ ಕಿರಣವನ್ನು ಗಡ್ಡೆಗೆ ಗುರಿಯಿಡುವ ಯಂತ್ರ) ಮಾಡಿಸಿ ಎನ್ನುವವರು ಕೆಲವರು, ಮಲೆನಾಡಿನ ಕಡೆ ಚೆಕ್ಕೆ ಔಷಧಿ ಕೊಡುತ್ತಾರೆ ಎನ್ನುವವರು ಕೆಲವರು. ಹೇಗಿದ್ದರೂ ಬೇರುಸಹಿತ ಹೋಗುವುದಿಲ್ಲ ಎಂದ ಮೇಲೆ ತಲೆ ತೆರೆಸುವುದು ಯಾಕೆ? ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ ಮಾತಾಡುತ್ತಾರೆ, ಎರಡೂ ಹೋಗಿಬಿಡುತ್ತವೆಯೇ? ಇದು ಫ್ಲೋರೈಡ್ ನೀರಿನಿಂದ ಬಂದಿದ್ದೇ? ಅವರಿಗೆ ಇನ್ನೂ ಏನೂ ಹೇಳಿಲ್ಲ, ನರದ ತೊಂದರೆ ಎಂದಿದ್ದೇವೆ.

ಉತ್ತರ: ನಾನು ನಿಮ್ಮ ತಂದೆಯವರ ಫಿಲ್ಮ್ ನೋಡಿಲ್ಲ. ನೀವು ಬರೆದದ್ದನ್ನಷ್ಟೇ ಇಟ್ಟುಕೊಂಡು ಹೇಳುತ್ತಿದ್ದೇನೆ, ಕೊನೆಯ ತೀರ್ಮಾನ ಅವರನ್ನು ಕೂರಿಸಿ ಮಾತಾಡಿಸಿದ ಡಾಕ್ಟರದ್ದೇ ಆಗಬೇಕು. ಆದರೆ ಸರಿಯಾದ ಡಬ್ಬ ತೆಗೆದು ಹೆಸರು ಮಾತ್ರ ಮರೆಯುತ್ತಿದ್ದರು ಎಂದು ಬರೆದಿದ್ದೀರಲ್ಲ, ಆ ಒಂದು ವಾಕ್ಯ ನನಗೆ ಬಹಳ ಉಪಯೋಗಕ್ಕೆ ಬಂತು. ಗಿರಾಕಿ ಹೇಳಿದ್ದು ಅವರಿಗೆ ಅರ್ಥವಾಗುತ್ತಿದೆ, ವಸ್ತು ಯಾವುದೆಂದು ಗೊತ್ತಿದೆ, ಹೆಸರು ಮಾತ್ರ ಹೊರಗೆ ಬರುತ್ತಿಲ್ಲ. ಮಾತು ಅರ್ಥವಾಗುವ ಶಕ್ತಿ ಉಳಿದಿರುವ ರೋಗಿಗೂ ಅದೇ ಹೋಗಿರುವ ರೋಗಿಗೂ ನಮ್ಮ ಮುಂದಿರುವ ದಾರಿಗಳು ಬೇರೆ ಬೇರೆ.

ನಿಮ್ಮ ಅಸಲಿ ಪ್ರಶ್ನೆ ಒಂದೇ. ವಾಸಿಯಾಗದ ರೋಗಕ್ಕೆ ಇಷ್ಟು ದೊಡ್ಡ ಆಪರೇಷನ್ ಮಾಡಿಸಿ, ಇರುವ ಮಾತನ್ನೂ ಕಳೆದುಕೊಳ್ಳುವುದು ಬೇಕೇ? ಓಪಿಡಿಯಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳುವವರು ಕಡಿಮೆ. ಬಹುತೇಕರು ‘ಆಪರೇಷನ್ ಸಕ್ಸಸ್ ಆಗುತ್ತಾ ಡಾಕ್ಟ್ರೇ’ ಎಂದು ಕೇಳಿ ಎದ್ದು ಹೋಗುತ್ತಾರೆ. ಈ ರೋಗದ ಮಟ್ಟಿಗೆ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಎಷ್ಟು ತೆಗೆಯಬಹುದು, ತೆಗೆದ ಮೇಲೆ ಆ ಮನುಷ್ಯ ಹೇಗಿರುತ್ತಾರೆ, ಇವೆರಡನ್ನೂ ಒಟ್ಟಿಗೆ ಕೇಳಬೇಕು.

ಇದು ಎಂಥ ಗಡ್ಡೆ

ಸ್ಕ್ಯಾನಿನಲ್ಲಿ ನಡುವೆ ಕಪ್ಪಾಗಿ, ಸುತ್ತ ಒರಟಾದ ಬಿಳಿ ಅಂಚಿದ್ದು, ಅದರಾಚೆ ಊತ ಹರಡಿಕೊಂಡಿದ್ದರೆ, ಈ ವಯಸ್ಸಿನಲ್ಲಿ ನಾವು ಮೊದಲು ಅನುಮಾನಿಸುವುದು ಗ್ಲಯೋಬ್ಲಾಸ್ಟೋಮಾವನ್ನು. ದೊಡ್ಡವರಲ್ಲಿ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚು ಕಾಣುವುದೂ ಇದೇ, ಉಗ್ರವಾದದ್ದೂ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇದು 4ನೇ ಗ್ರೇಡ್, ಅದಕ್ಕಿಂತ ಮೇಲಿನ ಗ್ರೇಡ್ ಇಲ್ಲ. ಆದರೆ ಸ್ಕ್ಯಾನ್ ಹೇಳುವುದು ಅನುಮಾನವನ್ನಷ್ಟೇ. ಶ್ವಾಸಕೋಶದಿಂದ ಬಂದ ಕ್ಯಾನ್ಸರಿನ ಗಂಟು, ಲಿಂಫೋಮಾ ಎಂಬ ಬಿಳಿರಕ್ತಕಣಗಳ ಕ್ಯಾನ್ಸರ್, ಕೀವುಗಂಟು, ನಮ್ಮ ದೇಶದಲ್ಲಿ ಟಿಬಿ ಗಡ್ಡೆ, ಇವೂ ಒಮ್ಮೊಮ್ಮೆ ಹೀಗೇ ಕಾಣುತ್ತವೆ. ಒಂದೊಂದರ ಚಿಕಿತ್ಸೆಯೂ ಬೇರೆ. ಹಾಗಾಗಿ ಗಡ್ಡೆಯ ಚೂರೊಂದು ಪೆಥಾಲಜಿಸ್ಟರ ಕೈಗೆ ಸಿಗದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಈ ಮಾತಿನಲ್ಲಿ ನಿಮ್ಮ ಇಬ್ಬರು ಸರ್ಜನರಿಗೂ ಭಿನ್ನಾಭಿಪ್ರಾಯ ಇಲ್ಲ, ಗಮನಿಸಿ.

ಇದು ಪೂರ್ತಿ ಹೋಗುವುದಿಲ್ಲ ಏಕೆ? ಕಡಲೆಕಾಯಿ ಹೊಲಕ್ಕೆ ಗರಿಕೆ ಬಿದ್ದರೆ ಕಣ್ಣಿಗೆ ಕಾಣುವ ಬುಡ ಕಿತ್ತರೂ ಮಣ್ಣಿನೊಳಗೆ ಎಳೆ ಹರಿದುಕೊಂಡಿರುತ್ತದಲ್ಲ, ಈ ಗಡ್ಡೆಯೂ ಹಾಗೆಯೇ. ಸ್ಕ್ಯಾನಿನಲ್ಲಿ ಹೊಳೆಯುವುದು ಬುಡ. ಬಿಡಿಬಿಡಿ ಕೋಶಗಳು ಅದರಿಂದ ಹಲವು ಸೆಂಟಿಮೀಟರ್ ಆಚೆಗೆ, ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಮೆದುಳಿನ ನಡುವೆ, ಆಗಲೇ ಸೇರಿಕೊಂಡಿರುತ್ತವೆ. 1928ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಪ್ರಸಿದ್ಧ ಸರ್ಜನ್, ಇಂಥ ರೋಗಿಗಳ ಬಲಗಡೆಯ ಅರ್ಧ ಮೆದುಳನ್ನೇ ತೆಗೆದ ವರದಿ ಪ್ರಕಟಿಸಿದರು. ಅಷ್ಟು ಮಾಡಿದರೂ ರೋಗ ಸೋಲಲಿಲ್ಲ. ಆ ಪ್ರಯತ್ನವಾಗಿ ಸುಮಾರು ನೂರು ವರ್ಷವಾಗುತ್ತ ಬಂದರೂ ‘ಇನ್ನೂ ಸ್ವಲ್ಪ ಅಗಲವಾಗಿ ತೆಗೆದಿದ್ದರೆ ಹೋಗುತ್ತಿತ್ತು’ ಎಂದು ಕೊರಗುವ ಮನೆಯವರನ್ನು ನಾನು ಈಗಲೂ ಕಾಣುತ್ತೇನೆ.

ಚಿಕ್ಕಪ್ಪನವರ ಮಾತಿಗೆ ಉತ್ತರವೂ ಇಲ್ಲೇ ಇದೆ. ಚಾಕು ತಾಗಿದ್ದರಿಂದ, ಗಾಳಿ ಸೋಕಿದ್ದರಿಂದ ಇದು ಹರಡುವುದಿಲ್ಲ. ನಾವು ಕೈ ಹಾಕುವ ಮೊದಲೇ ಹರಡಿರುತ್ತದೆ. ಆದರೆ ಅವರು ಹೇಳಿದ್ದನ್ನು ಹಳ್ಳಿಯವರ ಮಾತು ಎಂದು ತಳ್ಳಿಹಾಕಬೇಡಿ. ಅವರು ಎಲ್ಲೋ ಕಂಡಿರುತ್ತಾರೆ: ಆಪರೇಷನ್ ಆಗಿ, ಚೆನ್ನಾಗಿ ಓಡಾಡಿಕೊಂಡಿದ್ದವರಿಗೆ ಹತ್ತು ತಿಂಗಳಲ್ಲಿ ಮತ್ತೆ ಬಂತು, ಆಮೇಲೆ ಬೇಗ ಹೋದರು. ಅವರು ಕಂಡದ್ದು ನಿಜ. ಕಾರಣ ಮಾತ್ರ ಆಪರೇಷನ್ ಅಲ್ಲ, ರೋಗದ ಸ್ವಭಾವವೇ ಅದು. ಮರುಕಳಿಸುವಾಗಲೂ ಹೆಚ್ಚಿನವರಲ್ಲಿ ಮೊದಲಿದ್ದ ಜಾಗದ ಪಕ್ಕದಲ್ಲೇ ಕಾಣಿಸಿಕೊಳ್ಳುತ್ತದೆ. ಮೆದುಳು ದಾಟಿ ಲಿವರಿಗೋ ಶ್ವಾಸಕೋಶಕ್ಕೋ ಹೋಗುವುದು ತೀರಾ ಅಪರೂಪ.

ಫ್ಲೋರೈಡ್ ನೀರು ನಿಮ್ಮ ತಾಲೂಕಿನ ಹಲ್ಲು ಮತ್ತು ಮೂಳೆಗಳನ್ನು ಹಾಳು ಮಾಡಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದರೆ ಈ ಗಡ್ಡೆಗೂ ಅದಕ್ಕೂ ಸಂಬಂಧ ಕಂಡುಬಂದಿಲ್ಲ. ಖಚಿತವಾಗಿ ಗೊತ್ತಿರುವ ಹೊರಗಿನ ಕಾರಣ ಒಂದೇ, ಹಿಂದೆಂದೋ ತಲೆಗೆ ಹೆಚ್ಚು ಪ್ರಮಾಣದಲ್ಲಿ ರೇಡಿಯೇಷನ್ ಚಿಕಿತ್ಸೆ ಆಗಿರುವುದು. ಬೆರಳೆಣಿಕೆಯ ಕುಟುಂಬಗಳಲ್ಲಿ ವಂಶಪಾರಂಪರ್ಯದ ದೋಷ ಇರುತ್ತದೆ. ಉಳಿದವರಲ್ಲಿ ವಯಸ್ಸಾಗುತ್ತ ಕೋಶಗಳ ಜೀನುಗಳಲ್ಲಿ ಒಂದರ ಮೇಲೊಂದು ತಪ್ಪು ಸೇರಿ ಹೀಗಾಗುತ್ತದೆ. ಅವರು ಏನು ತಿಂದದ್ದರಿಂದಲೂ, ನೀವು ತಿಂಗಳು ತಡ ಮಾಡಿದ್ದರಿಂದಲೂ ಬಂದದ್ದಲ್ಲ. ಮಕ್ಕಳು ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯವೂ ಇಲ್ಲ.

ಹಾಗಾದರೆ ತೆಗೆಯುವುದರಿಂದ ಲಾಭವೇನು

ಮೊದಲನೆಯದು ಒತ್ತಡ. ತಲೆಬುರುಡೆ ಹಿಗ್ಗುವುದಿಲ್ಲ. 4 ಸೆಂ.ಮೀ. ಗಡ್ಡೆ, ಅದರ ಸುತ್ತಲ ಊತ ಎರಡೂ ಸೇರಿ ಪಕ್ಕದ ಮೆದುಳನ್ನು ಅದುಮುತ್ತಿರುತ್ತವೆ. ಬುಡ ತೆಗೆದರೆ ಆ ಅದುಮು ಇಳಿಯುತ್ತದೆ. ತಲೆನೋವು, ವಾಂತಿ, ಮಂಪರು ಕಡಿಮೆಯಾಗುತ್ತವೆ, ಸ್ಟೀರಾಯ್ಡ್ ಮಾತ್ರೆಯ ಪ್ರಮಾಣ ಇಳಿಸಬಹುದು, ಮುಂದೆ ಕೊಡುವ ರೇಡಿಯೇಷನ್ನನ್ನು ರೋಗಿ ತಡೆದುಕೊಳ್ಳುತ್ತಾರೆ. ಎರಡನೆಯದು, ಪರೀಕ್ಷೆಗೆ ಸಾಕಷ್ಟು ತುಣುಕು ಸಿಗುತ್ತದೆ. ಸೂಜಿಯಲ್ಲಿ ತೆಗೆದ ನಾಲ್ಕಾರು ಎಳೆ ಕೆಲವೊಮ್ಮೆ ಗಡ್ಡೆಯ ಅಷ್ಟು ಉಗ್ರವಲ್ಲದ ಭಾಗದಿಂದಲೇ ಬಂದು ನಿಜವಾದ ಗ್ರೇಡನ್ನು ಮರೆಮಾಚುವುದುಂಟು.

ಮೂರನೆಯದು ಆಯಸ್ಸು. ಇಲ್ಲಿ ನಾನು ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಹೆಚ್ಚು ತೆಗೆದವರು ಹೆಚ್ಚು ಕಾಲ ಬದುಕುತ್ತಾರೆ ಎಂದು ಅಧ್ಯಯನದ ಮೇಲೆ ಅಧ್ಯಯನ ಹೇಳಿದೆ. ಆದರೆ ಹೆಚ್ಚು ತೆಗೆಯಲು ಸಾಧ್ಯವಾಗುವುದು ಮೊದಲೇ ಗಟ್ಟಿಮುಟ್ಟಾಗಿರುವವರಲ್ಲಿ, ಗಡ್ಡೆ ಒಳ್ಳೆಯ ಜಾಗದಲ್ಲಿರುವವರಲ್ಲಿ. ಬಯಾಪ್ಸಿಗೆ ಹೋಗುವವರು ಮೊದಲೇ ಸೋತಿರುತ್ತಾರೆ. ಆದ್ದರಿಂದ ಲಾಭವೆಲ್ಲ ಚಾಕುವಿನದೇ ಎನ್ನಲಾಗದು. ಲಾಭ ಇದೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ, ಎಷ್ಟು ಎನ್ನುವುದನ್ನು ಮಾತ್ರ ಯಾರಾದರೂ ತಿಂಗಳು ಲೆಕ್ಕ ಹಾಕಿ ಹೇಳಿದರೆ ನಂಬಬೇಡಿ.

ಒಂದು ಮಾತು ಮರೆಯಬೇಡಿ. ಆಪರೇಷನ್ ಒಂದೇ ಹೆಚ್ಚು ದೂರ ಕೊಂಡೊಯ್ಯುವುದಿಲ್ಲ. ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಮೂರರಿಂದ ಆರು ವಾರದೊಳಗೆ, ರೇಡಿಯೇಷನ್ ಶುರುವಾಗಬೇಕು. ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುತ್ತಾರಲ್ಲ, ಅದು. ವಾರಕ್ಕೆ ಐದು ದಿನದಂತೆ ಆರು ವಾರ, 30 ಸಲ. ಜೊತೆಗೆ ಪ್ರತಿದಿನ ಟೆಮೊಜೊಲೊಮೈಡ್ ಎಂಬ ಗುಳಿಗೆ, ಆಮೇಲೆ ತಿಂಗಳಿಗೆ ಐದು ದಿನ ಅದೇ ಗುಳಿಗೆ, ಆರು ಸುತ್ತು. ಈ ಪದ್ಧತಿ ಗಟ್ಟಿಯಾಗಿದ್ದು 2005ರಲ್ಲಿ. ಯುರೋಪ್ ಮತ್ತು ಕೆನಡಾದ ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯಲ್ಲಿ ರೇಡಿಯೇಷನ್ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ದಾಟಿದರೆ, ಗುಳಿಗೆಯನ್ನೂ ಪಡೆದವರಲ್ಲಿ ಅರ್ಧದಷ್ಟು ಜನ 14.6 ತಿಂಗಳು ದಾಟಿದ್ದರು. ಇಷ್ಟೇನಾ ಎನ್ನಿಸುತ್ತದೆ. ಆದರೆ ಎರಡು ವರ್ಷ ದಾಟಿದವರ ಲೆಕ್ಕ ನೋಡಿ, ಶೇ. 10.4 ಇದ್ದದ್ದು ಶೇ. 26.5 ಆಯಿತು. ಐದು ವರ್ಷದ ಹೊತ್ತಿಗೆ ನೂರರಲ್ಲಿ ಇಬ್ಬರ ಜಾಗದಲ್ಲಿ ಹತ್ತಿರಹತ್ತಿರ ಹತ್ತು ಮಂದಿ ಉಳಿದಿದ್ದರು. ನಿಮ್ಮ ತಂದೆ ಯಾವ ಸಾಲಿಗೆ ಸೇರುತ್ತಾರೆ ಎನ್ನುವುದು ವಯಸ್ಸು, ಓಡಾಡುವ ಶಕ್ತಿ, ಎಷ್ಟು ಗಡ್ಡೆ ಉಳಿದಿದೆ, ಮತ್ತು ತುಣುಕಿನಲ್ಲಿ ನೋಡುವ ಎಂಜಿಎಂಟಿ ಎಂಬ ಗುರುತು, ಇವುಗಳ ಮೇಲೆ ನಿಲ್ಲುತ್ತದೆ. ಆ ಗುರುತು ‘ಮೆಥಿಲೇಟೆಡ್’ ಎಂದು ಬಂದರೆ ಗುಳಿಗೆ ಹೆಚ್ಚು ಕೆಲಸ ಮಾಡುತ್ತದೆ. ತುಣುಕು ಲ್ಯಾಬಿಗೆ ಹೋಗುವಾಗಲೇ ಐಡಿಎಚ್ (ಗಡ್ಡೆ ಯಾವ ಬಗೆಯದೆಂದು ತಿಳಿಸುವ ಜೀನಿನ ಗುರುತು), ಎಂಜಿಎಂಟಿ ಎರಡೂ ಪರೀಕ್ಷೆ ಆಗುತ್ತವೆಯೇ ಎಂದು ಕೇಳಿಕೊಳ್ಳಿ. ಎಷ್ಟೋ ಮಂದಿಗೆ ಇದು ತಿಂಗಳ ನಂತರ ನೆನಪಾಗುತ್ತದೆ.

ಇಬ್ಬರು ಸರ್ಜನರು, ಎರಡು ಮಾತು

ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕು ಎಂದೇನಿಲ್ಲ. ಎಡ ಟೆಂಪೊರಲ್ ಭಾಗ ಎಂದರೆ ಕಿವಿಯ ಮೇಲೆ, ಹಿಂದೆ ಮುಂದೆ ಉದ್ದಕ್ಕೆ ಚಾಚಿದ ಜಾಗ. ಅದರ ಮುಂತುದಿಯಿಂದ ನಾಲ್ಕು ಸೆಂಟಿಮೀಟರಿನಷ್ಟನ್ನು, ಎಚ್ಚರಿಕೆಯಿಂದ ತೆಗೆದರೆ, ಹೆಚ್ಚಿನವರು ಮಾತಿಗೆ ದೊಡ್ಡ ನಷ್ಟವಿಲ್ಲದೆ ತಾಳಿಕೊಳ್ಳುತ್ತಾರೆ. ಹಿಂದಕ್ಕೆ, ಮೇಲಕ್ಕೆ ಹೋದಂತೆ ಮಾತು ಅರ್ಥ ಮಾಡಿಕೊಳ್ಳುವ ಜಾಗ ಸಿಗುತ್ತದೆ. ಆಳಕ್ಕೆ ಹೋದರೆ ಮಾತಿನ ಎರಡು ಕೇಂದ್ರಗಳನ್ನು ಜೋಡಿಸುವ ನರತಂತುಗಳ ಕಟ್ಟು, ದೃಷ್ಟಿಯ ತಂತುಗಳು ಇರುತ್ತವೆ. ಮೇಲ್ಪದರ ಪೆಟ್ಟು ತಿಂದರೆ ಒಂದಷ್ಟಾದರೂ ಚೇತರಿಕೆ ಇರುತ್ತದೆ, ಆಳದ ಈ ಕಟ್ಟು ಕಡಿದುಹೋದರೆ ಮಾತ್ರ ಮತ್ತೆ ಕೂಡುವುದು ಕಷ್ಟ. ಆದ್ದರಿಂದ ‘ಎಡ ಟೆಂಪೊರಲ್’ ಎಂಬ ಒಂದೇ ಸಾಲು ಓದಿ ತೆಗೆಯಿರಿ ಎನ್ನುವುದೂ ಬೇಡ ಎನ್ನುವುದೂ ಅವಸರದ ಮಾತು. ಇಬ್ಬರ ಹತ್ತಿರವೂ ಹೋಗಿ ಕೇಳಿ: ಗಡ್ಡೆ ಮುಂದಿದೆಯೋ ಹಿಂದಿದೆಯೋ? ಮಾತಿನ ತಂತುಗಳು ಗಡ್ಡೆಯ ಯಾವ ಮಗ್ಗುಲಲ್ಲಿ ಹೋಗುತ್ತವೆ? ಅದನ್ನು ತೋರಿಸುವ ಟ್ರ್ಯಾಕ್ಟೋಗ್ರಫಿ ಎಂಬ ಎಂಆರ್‌ಐ ಆಗಿದೆಯೇ? ಫಿಲ್ಮ್ ಎದುರಿಗಿಟ್ಟುಕೊಂಡು ಬೆರಳಿಟ್ಟು ತೋರಿಸಲು ಹೇಳಿ. ತೋರಿಸುತ್ತಾರೆ.

ಇನ್ನೊಂದು ಸರಳ ಪರೀಕ್ಷೆ ಇದೆ, ಅದಕ್ಕೆ ಯಂತ್ರ ಬೇಡ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಶುರುಮಾಡಿ ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಮಾತಾಡಿಸುವುದು. ಮಾತು ಸುಧಾರಿಸಿದರೆ, ಕೆಡಿಸುತ್ತಿದ್ದದ್ದು ಬಹುಮಟ್ಟಿಗೆ ಊತ, ಮಾತಿನ ಜಾಗ ಇನ್ನೂ ಉಳಿದಿದೆ, ಒತ್ತಡ ಇಳಿಸಿದರೆ ಮರಳುತ್ತದೆ ಎಂದು ಲೆಕ್ಕ. ಏನೂ ಬದಲಾಗದಿದ್ದರೆ ಗಡ್ಡೆ ಆ ಜಾಗವನ್ನೇ ತಿಂದಿರಬಹುದು. ಹಳೆಯ ಕಾಲದ ಉಪಾಯ ಎಂದು ಕಿರಿಯ ಡಾಕ್ಟರುಗಳು ನಗುತ್ತಾರೆ, ನಾನು ಈಗಲೂ ಇದನ್ನು ನೆಚ್ಚಿಕೊಂಡಿದ್ದೇನೆ. ಲಿಂಫೋಮಾ ಅನುಮಾನವಿದ್ದರೆ ಮಾತ್ರ ತುಣುಕು ತೆಗೆಯುವ ಮೊದಲು ಸ್ಟೀರಾಯ್ಡ್ ಕೊಡಬಾರದು, ಗಡ್ಡೆ ತಾತ್ಕಾಲಿಕವಾಗಿ ಕರಗಿ ಗುರುತೇ ಸಿಗದಂತಾಗುತ್ತದೆ. ನಿಮ್ಮ ತಂದೆಗೆ ಶುಗರ್ ಇರುವುದರಿಂದ ಈ ಮಾತ್ರೆ ಶುರುವಾದ ದಿನದಿಂದಲೇ ಸಕ್ಕರೆ ಏರುತ್ತದೆ, ದಿನಕ್ಕೆ ಎರಡು ಸಲವಾದರೂ ನೋಡಿ.

ಎಚ್ಚರವಿದ್ದಾಗ ಆಪರೇಷನ್ ಎಂದರೆ

ಕೇಳಿದರೆ ಎದೆ ಝಲ್ಲೆನ್ನುತ್ತದೆ, ಒಪ್ಪುತ್ತೇನೆ. ಆದರೆ ಮೆದುಳಿಗೆ ನೋವಿನ ಅರಿವಿಲ್ಲ. ನೋಯುವುದು ನೆತ್ತಿಯ ಚರ್ಮ ಮತ್ತು ಮೆದುಳಿನ ಹೊರಪೊರೆ. ನೆತ್ತಿಯ ನರಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತಲೆಬುರುಡೆ ತೆರೆಯುವವರೆಗೆ ಮಂಪರಿನಲ್ಲಿ ಮಲಗಿಸಿ, ಆಮೇಲೆ ನಿಧಾನವಾಗಿ ಎಚ್ಚರಿಸುತ್ತಾರೆ. ನಿಮ್ಮ ತಂದೆ ಬಲಮಗ್ಗುಲಾಗಿ ಮಲಗಿರುತ್ತಾರೆ. ಮುಖದ ಮುಂದೆ ಬಟ್ಟೆಯ ಚಪ್ಪರದ ಹಾಗೆ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಅರಿವಳಿಕೆ ಡಾಕ್ಟರೂ ಸ್ಪೀಚ್ ಥೆರಪಿಸ್ಟರೂ ಕೂತು ಟ್ಯಾಬಿನಲ್ಲಿ ಚಿತ್ರ ತೋರಿಸುತ್ತ ಹೋಗುತ್ತಾರೆ. ‘ಇದು ಸುತ್ತಿಗೆ.’ ‘ಇದು ಕೊಡ.’ ಅತ್ತ ನಾವು ಎರಡು ಮೊನೆಯ ಸಣ್ಣ ಕಡ್ಡಿಯಿಂದ ಮೆದುಳಿನ ಮೇಲ್ಮೈಗೆ ಕೆಲವೇ ಮಿಲಿಆಂಪಿಯರ್ ಕರೆಂಟು ಮುಟ್ಟಿಸುತ್ತೇವೆ. ಮುಟ್ಟಿಸಿದಾಗ ‘ಇದು…’ ಎಂದು ನಿಂತುಹೋದರೆ, ಇಲ್ಲವೇ ಸುತ್ತಿಗೆಗೆ ಇಕ್ಕಳ ಎಂದರೆ, ಆ ಜಾಗಕ್ಕೆ ಅಂಕಿ ಬರೆದ ಪುಟ್ಟ ಕಾಗದ ಇಡುತ್ತೇವೆ. ಕಾಗದವಿದ್ದ ಕಡೆ ಕೈ ಹಾಕುವುದಿಲ್ಲ. ಇದನ್ನು ಎರಡೆರಡು, ಮೂರು ಮೂರು ಸಲ ಮಾಡಿ ಖಚಿತಮಾಡಿಕೊಳ್ಳುತ್ತೇವೆ. ಆಮೇಲೆ ಗಡ್ಡೆ ತೆಗೆಯುತ್ತ ಹೋದಷ್ಟೂ ಹೊತ್ತು ಅವರನ್ನು ಮಾತಾಡಿಸುತ್ತಲೇ ಇರುತ್ತೇವೆ. ಕರೆಂಟಿನಿಂದ ಒಮ್ಮೊಮ್ಮೆ ಫಿಟ್ಸ್ ಬರುತ್ತದೆ, ಅದಕ್ಕೆಂದೇ ತಣ್ಣಗಿನ ಸಲೈನ್ ಕೈಯಳತೆಯಲ್ಲಿ ಇರುತ್ತದೆ. ಸುರಿದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಎರಡು ಭಾಷೆಯ ನಿಮ್ಮ ಚಿಂತೆ ಸರಿಯಾದದ್ದೇ, ಸರ್ಜನರ ಹತ್ತಿರ ಹೇಳಲೇಬೇಕಾದದ್ದು. ಎರಡು ಭಾಷೆ ಆಡುವವರ ಮೆದುಳಿನಲ್ಲಿ ಬಹಳಷ್ಟು ಜಾಗ ಎರಡಕ್ಕೂ ಸೇರಿದ್ದು, ಕೆಲವು ಚುಕ್ಕೆಗಳು ಮಾತ್ರ ಒಂದೊಂದಕ್ಕೇ ಮೀಸಲು. ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ ಮನೆಯ ತೆಲುಗಿಗೆ ಏಟು ಬೀಳುವ ಸಾಧ್ಯತೆ ಉಳಿಯುತ್ತದೆ. ಎರಡರಲ್ಲೂ ಮಾಡಿ ಎಂದು ಮೊದಲೇ ಕೇಳಿ, ತೆಲುಗು ಬಲ್ಲವರೊಬ್ಬರು ಥಿಯೇಟರಿನಲ್ಲಿ ಇರುವಂತೆ ನೋಡಿಕೊಳ್ಳಿ. ಚಿತ್ರಗಳೂ ಅವರು ಬಲ್ಲ ವಸ್ತುಗಳಾಗಿರಬೇಕು. ಹೊರದೇಶದ ಕಾರ್ಡುಗಳಲ್ಲಿ ಇಗ್ಲೂ, ಹಾರ್ಪ್ ಇರುತ್ತವೆ, ನಮ್ಮ ರೋಗಿ ಅವುಗಳ ಹೆಸರು ಹೇಳದಿದ್ದರೆ ಗಡ್ಡೆಯನ್ನು ದೂರುವುದು ಹೇಗೆ? ನಿಮ್ಮ ಅಂಗಡಿಯ ಸಾಮಾನುಗಳ ಫೋಟೋ ತೆಗೆದುಕೊಂಡು ಹೋಗಿ. ಬೀಗ, ಚಿಲಕ, ಸ್ಪ್ಯಾನರ್, ಅಳತೆ ಟೇಪು, ಕೊಳಾಯಿ, ಯಾವುದನ್ನು ಸಲೀಸಾಗಿ ಹೇಳುತ್ತಾರೋ ಆ ಚಿತ್ರಗಳನ್ನಷ್ಟೇ ಹಿಂದಿನ ದಿನ ಆರಿಸಿಕೊಳ್ಳುತ್ತಾರೆ.

ಒಂದು ಷರತ್ತಿದೆ. ಆಪರೇಷನ್ನಿಗೆ ಮೊದಲೇ ನಾಲ್ಕರಲ್ಲಿ ಒಂದು ಚಿತ್ರಕ್ಕಿಂತ ಹೆಚ್ಚು ತಪ್ಪುತ್ತಿದ್ದರೆ ಈ ಪರೀಕ್ಷೆಯನ್ನು ನಂಬಲಾಗದು. ಆಗ ಮಲಗಿಸಿಯೇ, ನ್ಯಾವಿಗೇಷನ್ (ಸ್ಕ್ಯಾನನ್ನೇ ನಕ್ಷೆಯಾಗಿಟ್ಟು ದಾರಿ ತೋರಿಸುವ ಯಂತ್ರ) ಮತ್ತು ಅಲ್ಟ್ರಾಸೌಂಡ್ ನೆರವಿನಿಂದ, ಅಪಾಯವಿಲ್ಲದ ಕಡೆಯಿಂದಷ್ಟೇ ತೆಗೆಯಬೇಕಾಗುತ್ತದೆ.

ಕೆಲವು ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಕೆಲವು ಗಂಟೆ ಮುಂಚೆ 5-ಎಎಲ್‌ಎ ಎಂಬ ದ್ರಾವಣ ಕುಡಿಸುತ್ತಾರೆ. ಮೈಕ್ರೋಸ್ಕೋಪಿನ ನೀಲಿ ಬೆಳಕಿನಲ್ಲಿ ಗಡ್ಡೆ ಮಾತ್ರ ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಸ್ಕ್ಯಾನಿನಲ್ಲಿ ಕಾಣುವಷ್ಟನ್ನೂ ತೆಗೆಯಲು ಸಾಧ್ಯವಾದದ್ದು ಸಾಧಾರಣ ಬೆಳಕಿನಲ್ಲಿ ಶೇ. 36 ರೋಗಿಗಳಲ್ಲಿ, ಈ ಬೆಳಕಿನಲ್ಲಿ ಶೇ. 65ರಲ್ಲಿ. ಔಷಧಿ ದುಬಾರಿ. ಅದರ ಬದಲು ಫ್ಲೋರೆಸಿನ್ ಎಂಬ ಅಗ್ಗದ ಹಳದಿ ಬಣ್ಣ ಬಳಸುವವರೂ ಇದ್ದಾರೆ. ಇದು ಎಷ್ಟು ತೆಗೆಯಬೇಕು ಎಂಬುದನ್ನು ತೋರಿಸುತ್ತದೆ, ಎಲ್ಲಿ ನಿಲ್ಲಬೇಕು ಎಂಬುದನ್ನಲ್ಲ. ಗುಲಾಬಿ ಹೊಳೆಯುವ ಜಾಗದಲ್ಲೂ ಮಾತು ಇರಬಹುದು.

ಅಪಾಯಗಳು

ರಕ್ತಸ್ರಾವ, ಸೋಂಕು, ಫಿಟ್ಸ್, ಬಲಗೈ ಬಲಗಾಲಿನಲ್ಲಿ ಬಲ ಕಡಿಮೆಯಾಗುವುದು, ಬಲಗಡೆ ಮೇಲ್ಭಾಗದ ದೃಷ್ಟಿ ಕತ್ತರಿಸಿದಂತಾಗುವುದು, ಇವು ಆಗಬಹುದಾದವು. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಸೋಂಕಿನ ಸಂಭವ ಹೆಚ್ಚು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದು ಈ ರೋಗದಲ್ಲಿ ಹೆಚ್ಚು, ಹಾಗಾಗಿಯೇ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಪಾಪ, ಮಲಗಿರಲಿ ಎಂದು ನೀವು ತಡೆಯಬೇಡಿ. ಅನುಭವವಿರುವ ಕಡೆ ಒಂದು ತಿಂಗಳೊಳಗೆ ಜೀವ ಹೋಗುವ ಅಪಾಯ ನೂರಕ್ಕೆ ಎರಡು ಮೂರರ ಆಸುಪಾಸು. ಬಯಾಪ್ಸಿಯೂ ಸೂಜಿ ಚುಚ್ಚಿದಷ್ಟು ಸುಲಭ ಎಂದುಕೊಳ್ಳಬೇಡಿ, ಅಲ್ಲೂ ಗಡ್ಡೆಯೊಳಗೆ ರಕ್ತ ಸೋರುವ ಅಪಾಯ ಇದೆ, ಊತ ಇಳಿಸುವ ಲಾಭ ಮಾತ್ರ ಇಲ್ಲ.

ಮಾತಿನ ವಿಷಯ: 2012ರಲ್ಲಿ 8,000ಕ್ಕೂ ಹೆಚ್ಚು ಗ್ಲಯೋಮಾ ರೋಗಿಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕರೆಂಟು ಮುಟ್ಟಿಸಿ ಗುರುತು ಮಾಡಿಕೊಂಡು ಆಪರೇಷನ್ ಮಾಡಿದಲ್ಲಿ ಮಾತು, ಕೈಕಾಲಿನ ಬಲ ಎಲ್ಲ ಸೇರಿ ಉಳಿದುಕೊಂಡ ದೊಡ್ಡ ನಷ್ಟ ಶೇ. 3.4, ಹಾಗೆ ಮಾಡದಲ್ಲಿ ಶೇ. 8.2 ಇತ್ತು. ಆದರೆ ಮೊದಲ ವಾರ ಮಾತು ಈಗಿನದಕ್ಕಿಂತ ಕೆಡುವುದು ಸಾಮಾನ್ಯ. ಊತ ಇಳಿದಂತೆ ವಾರಗಳಲ್ಲಿ, ಕೆಲವರಿಗೆ ಎರಡು ಮೂರು ತಿಂಗಳಲ್ಲಿ ಮರಳುತ್ತದೆ. ಇದು ಮೊದಲೇ ಗೊತ್ತಿಲ್ಲದ ಮನೆಯವರು ಐಸಿಯು ಬಾಗಿಲಲ್ಲಿ ‘ಮೂಗರನ್ನಾಗಿ ಮಾಡಿಬಿಟ್ರು’ ಎಂದು ಅಳುವುದನ್ನು ನೋಡಿದ್ದೇನೆ.

ಗಾಮಾ ನೈಫ್ ಒಳ್ಳೆಯ ಯಂತ್ರವೇ. ಅಂಚು ಸ್ಪಷ್ಟವಾಗಿರುವ, ಸಾಮಾನ್ಯವಾಗಿ 3 ಸೆಂ.ಮೀ. ಒಳಗಿನ ಗಡ್ಡೆಗೆ ಅದು ಹೇಳಿ ಮಾಡಿಸಿದ್ದು. ಅಂಚೇ ಇಲ್ಲದೆ ಹರಿದುಕೊಂಡಿರುವ ಇದಕ್ಕೆ ಗುರಿ ಎಲ್ಲಿ ಇಡುವುದು? ಗ್ಲಯೋಬ್ಲಾಸ್ಟೋಮಾಗೆ ಸಾಮಾನ್ಯ ರೇಡಿಯೇಷನ್ನಿನ ಜೊತೆ ಇಂಥ ಕಿರಣವನ್ನೂ ಕೊಟ್ಟು ನೋಡಿದ ಪರೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು, ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಚೆಕ್ಕೆ ಔಷಧಿಯ ಬಗ್ಗೆ ನಾನು ಜಗಳ ಆಡುವುದಿಲ್ಲ. ಅದರಿಂದ ಈ ಗಡ್ಡೆ ಕರಗಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕಾಗಿ ಆಪರೇಷನ್ ಮುಂದೂಡಬೇಡಿ, ಫಿಟ್ಸ್ ಮಾತ್ರೆ ಬಿಡಿಸಬೇಡಿ. ಟೆಮೊಜೊಲೊಮೈಡ್ ನಡೆಯುವಾಗ ಪ್ಲೇಟ್‌ಲೆಟ್ ಮತ್ತು ಲಿವರ್ ಪರೀಕ್ಷೆ ಮಾಡುತ್ತಿರುತ್ತಾರೆ, ಆಗ ಕಷಾಯ ಕುಡಿಸುತ್ತಿದ್ದರೆ ಬಚ್ಚಿಡದೆ ಹೇಳಿ. ರಿಪೋರ್ಟು ಕೆಟ್ಟಾಗ ಯಾವುದರಿಂದ ಎಂದು ತಿಳಿಯದೆ ನಾವು ಸರಿಯಾದ ಗುಳಿಗೆಯನ್ನೇ ನಿಲ್ಲಿಸಿಬಿಡುತ್ತೇವೆ.

ತಂದೆಗೆ ಹೇಳುವುದು

‘ಯಜಮಾನರಿಗೆ ಗೊತ್ತಾಗದ ಹಾಗೆ ನೋಡ್ಕೊಳ್ಳಿ ಡಾಕ್ಟ್ರೇ’ ಎಂದು ಕಾರಿಡಾರಿನಲ್ಲಿ ಕೈ ಹಿಡಿಯುವವರು ಬಹಳ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎಚ್ಚರವಿದ್ದು ಮಾಡುವ ಆಪರೇಷನ್ನಿನಲ್ಲಿ ರೋಗಿಯೂ ನಮ್ಮ ಜೊತೆ ಕೆಲಸ ಮಾಡುವವರು. ನರದ ತೊಂದರೆ ಎಂದು ನಂಬಿ ಬಂದವರು ತಲೆ ತೆರೆದಿರುವಾಗ ಎಚ್ಚರಗೊಂಡು ಗಾಬರಿಯಾದರೆ ಅಲ್ಲಿಗೆ ಎಲ್ಲವೂ ನಿಂತಿತು. ಗಡ್ಡೆ ಇದೆ, ತೆಗೆಯಬೇಕು, ಮಾತು ಉಳಿಸಲು ನೀವು ಮಾತಾಡುತ್ತಿರಬೇಕು ಎಂದು ಹೇಳಲೇಬೇಕು. ತಿಂಗಳು, ವರ್ಷಗಳ ಲೆಕ್ಕ ಅವರು ಕೇಳದಿದ್ದರೆ ನೀವಾಗಿ ಹೇಳಬೇಕಿಲ್ಲ. ಕೇಳಿದರೆ ಸುಳ್ಳು ಹೇಳಬೇಡಿ. ಇಷ್ಟು ವರ್ಷ ಅಂಗಡಿ ನಡೆಸಿದವರು, ನಿಮ್ಮ ಮುಖ ನೋಡಿಯೇ ಅರ್ಧ ತಿಳಿದುಕೊಂಡಿರುತ್ತಾರೆ. ಸಾಲ ಯಾರು ಕೊಡಬೇಕು, ಬ್ಯಾಂಕಿನಲ್ಲಿ ಯಾರ ಸಹಿ, ಇವನ್ನೆಲ್ಲ ಆಪರೇಷನ್ನಿಗೆ ಮುಂಚೆ ಅವರ ಬಾಯಲ್ಲೇ ಕೇಳಿ ಬರೆದುಕೊಳ್ಳಿ. ಮೊದಲ ವಾರ ಮಾತು ಕೆಡಬಹುದು ಎಂಬ ಕಾರಣವೊಂದೇ ಸಾಕು ಅದಕ್ಕೆ.

ನನ್ನ ಒಲವು

58 ವರ್ಷ, ಇನ್ನೂ ನಡೆದಾಡುತ್ತಿದ್ದಾರೆ, ಹೇಳಿದ್ದು ಅರ್ಥವಾಗುತ್ತಿದೆ. ಗಡ್ಡೆ ಟೆಂಪೊರಲ್ ಭಾಗದ ಮುಂದೆ ಅಥವಾ ನಡುವೆ ಇದ್ದರೆ, ಮಾತಿನ ಗುರುತು ಹಾಕಿಕೊಂಡು ಆದಷ್ಟೂ ತೆಗೆಸುವುದು ಮೇಲು ಎನ್ನುತ್ತೇನೆ. ತೀರಾ ಹಿಂದಕ್ಕೆ, ಆಳಕ್ಕೆ ಇದ್ದು, ಸ್ಟೀರಾಯ್ಡ್ ಕೊಟ್ಟರೂ ಮಾತು ಸುಧಾರಿಸದಿದ್ದರೆ ಬಯಾಪ್ಸಿ ಹೇಳಿದವರ ಮಾತೇ ಸರಿ. ನಡುವಿನ ದಾರಿಯೂ ಇದೆ: ಹೊಳೆಯುವ ಭಾಗದ ಬಹುಪಾಲು ತೆಗೆದು, ಮಾತಿನ ತಂತುಗಳ ಮೇಲೆ ಕೂತಿರುವ ಪದರವನ್ನು ರೇಡಿಯೇಷನ್ನಿಗೆ ಬಿಡುವುದು. ಹಾಗೆ ಬಿಟ್ಟು ಬಂದ ಸರ್ಜನನ್ನು ಅರ್ಧ ಕೆಲಸ ಮಾಡಿದರು ಎಂದು ದೂರಬೇಡಿ. ಎಷ್ಟು ಉಳಿದಿದೆ ಎಂದು ನೋಡುವ ಎಂಆರ್‌ಐ ಆಪರೇಷನ್ ಆದ 48 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆಗಬೇಕು, ಆಮೇಲೆ ಮಾಡಿದರೆ ಗಾಯದ ಹೊಳಪು ಯಾವುದು, ಗಡ್ಡೆಯ ಹೊಳಪು ಯಾವುದು ತಿಳಿಯುವುದಿಲ್ಲ.

ಇದು ಗಂಟೆಗಳ ಅವಸರವಲ್ಲ, ತಿಂಗಳು ಯೋಚಿಸುವಷ್ಟು ಬಿಡುವೂ ಇಲ್ಲ. ಒಂದೆರಡು ವಾರದೊಳಗೆ ತೀರ್ಮಾನವಾಗಲಿ. ನಿಮ್ಹಾನ್ಸ್‌ನಂಥ ಕಡೆ ಇಂಥ ಆಪರೇಷನ್ ನಡೆಯುತ್ತಲೇ ಇರುತ್ತದೆ, ರೇಡಿಯೇಷನ್ನಿಗೆ ಪಕ್ಕದಲ್ಲೇ ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಒಂದು ಭಾಗ ಸಿಗುತ್ತದೆ. ಅಡ್ಮಿಟ್ ಆಗುವ ಮೊದಲೇ ರೆಫರಲ್ ಪತ್ರದ ವಿಷಯ ಕೌಂಟರಿನಲ್ಲಿ ಕೇಳಿ. ಎಂಆರ್‌ಐನ ಫಿಲ್ಮ್ ಸಾಲದು, ಸಿಡಿಯನ್ನೂ ಒಯ್ಯಿರಿ. ಆರು ವಾರ ಪಾವಗಡದಿಂದ ದಿನಾ ಬೆಂಗಳೂರಿಗೆ ಓಡಾಡಲಾಗದು, ಉಳಿಯುವ ವ್ಯವಸ್ಥೆಯನ್ನು ಈಗಲೇ ವಿಚಾರಿಸಿಡಿ.

ಅಲ್ಲಿಯವರೆಗೆ ಅವರು ಗಾಡಿ ಓಡಿಸುವುದು ಬೇಡ, ಅಂಗಡಿಯ ಮೇಲಿನ ರ‍್ಯಾಕಿಗೆ ಏಣಿ ಹತ್ತುವುದಂತೂ ಬೇಡವೇ ಬೇಡ. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಸ್ಟೀರಾಯ್ಡನ್ನು ನೀವಾಗಿ ಥಟ್ಟನೆ ನಿಲ್ಲಿಸಬಾರದು. ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದಷ್ಟು ಮಂಪರು, ಬಲಗೈ ಸೋಲುವುದು, ಐದು ನಿಮಿಷ ಕಳೆದರೂ ನಿಲ್ಲದ ಫಿಟ್ಸ್, ಇಲ್ಲವೇ ಪ್ರಜ್ಞೆ ಮರಳುವ ಮೊದಲೇ ಮತ್ತೊಂದು ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ಬೆಂಗಳೂರಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ, ಅದು ತುಮಕೂರಾದರೂ ಸರಿ, ಗಡಿ ದಾಟಿ ಹಿಂದೂಪುರವಾದರೂ ಸರಿ.